ಮನ್ರೋ ಬೆಟ್ಟಗಳು

ಸ್ಕಾಟ್ಲೆಂಡಿನಲ್ಲಿ 3,000 ಅಡಿ (914.4 ಮೀ.) ಮೀರಿದ, ಸ್ವತಂತ್ರ ಬೆಟ್ಟಗಳೆಂದು ಪರಿಗಣಿತವಾದ ಶಿಖರಗಳು. ಸರ್ ಹ್ಯೂ ಮನ್ರೋ (1856–1919) ಮುಖ್ಯವಾಗಿ ಬ್ರಿಟನ್ನಿನ ನಕ್ಷಾಸಂಸ್ಥೆ ಆರ್ಡ್ನನ್ಸ್ ಸರ್ವೆಯ ನಕ್ಷೆಗಳನ್ನು ಜಾಲಾಡಿ 1891ರಲ್ಲಿ ಇವುಗಳ ಪಟ್ಟಿ ಪ್ರಕಟಿಸಿದ: ಸ್ವತಂತ್ರ ಬೆಟ್ಟಗಳು 283, ಉಪಶಿಖರಗಳೂ ಸೇರಿ 538. ನಕ್ಷೆಯಲ್ಲಿ ಎತ್ತರ ನಮೂದಾಗದ ಕಡೆ ವಾಯುಭಾರಮಾಪಕ ನೆರವಿಗೆ ಬಂತು. ಯಾವುದು ಬೆಟ್ಟ, ಯಾವುದು ಬರೀ ಉಪಶಿಖರ ಎಂಬುದಕ್ಕೆ ಮಾತ್ರ ಆತ ಖಚಿತ ಅಳತೆಗೋಲು ಕೊಡಲಿಲ್ಲ. ಪಟ್ಟಿಯ ಕುರಿತ ತಕರಾರುಗಳ ಮೂಲ ಇದೇ. ಸ್ಕೈ ದ್ವೀಪದ 'ಇನ್ಆಕ್ಸೆಸಿಬಲ್ ಪಿನಾಕಲ್' ಎಂಬ ಕಡಿದಾದ ಬಂಡೆ ಪಕ್ಕದ ಶಿಖರಕ್ಕಿಂತ ಎತ್ತರವಿದ್ದರೂ ಮೊದಲು ಉಪಶಿಖರವೆನಿಸಿ, 1921ರ ಪರಿಷ್ಕರಣೆಯಲ್ಲಷ್ಟೇ ಬಡ್ತಿ ಪಡೆಯಿತು. ಹೊಸ ಸರ್ವೆಗಳು ಹಿಂಬಡ್ತಿಯನ್ನೂ ತಂದಿವೆ. 2009ರಲ್ಲಿ ಜಿಪಿಎಸ್ ಅಳತೆಯಲ್ಲಿ 913.43 ಮೀ. ಬಂದ ಸ್ಕೂರ್ ನಾನ್ ಕ್ಯಾನಿಖನ್ ಒಂದು ಮೀಟರಿಗೂ ಕಡಿಮೆ ಅಂತರದಲ್ಲಿ ಪಟ್ಟಿಯಿಂದ ಹೊರಬಿತ್ತು. 2012ರಲ್ಲಿ ಇನ್ನೊಂದನ್ನು ಕೈಬಿಟ್ಟ ಮೇಲೆ ಉಳಿದವು 282.