ಕ್ಯಾಸನೂರು ಕಾಡಿನ ಕಾಯಿಲೆ: ರಕ್ತವು ನೀಡಿದ ಸಾಕ್ಷ್ಯ

ಶಿವಮೊಗ್ಗದಿಂದ ಸಾಗರಕ್ಕೆ ಹೋಗುವ ಹೆದ್ದಾರಿಯಲ್ಲಿ ತ್ಯಾವರೆಕೊಪ್ಪವು ಹುಲಿ, ಸಿಂಹಗಳ ಧಾಮವೆಂದು ಪ್ರಸಿದ್ಧವಾಗಿದೆ. ಅದೇ ದಾರಿಯಲ್ಲಿ ಮುಂದುವರಿದರೆ ಸಾಗರ, ಸೊರಬ ತಾಲ್ಲೂಕುಗಳ ಕಾಡುಗಳು ಎದುರಾಗುತ್ತವೆ. ಈ ಕಾಡುಗಳಲ್ಲಿ ಅನೇಕರ ಪ್ರಾಣಕ್ಕೆ ಎರವಾದುದು ಕಣ್ಣಿಗೆ ಸುಲಭವಾಗಿ ಕಾಣದ ಉಣುಗು. ಅದರಿಂದ ಹರಡುವ ಜ್ವರವನ್ನು ಜನರು 'ಮಂಗನ ಕಾಯಿಲೆ' ಎಂದು ಕರೆಯುತ್ತಾರೆ. ರಕ್ತದ ರಚನೆಯನ್ನು ಕುರಿತ ಜ್ಞಾನವು ಈ ಕಾಯಿಲೆಯ ಮೂಲವನ್ನು ಅರಿಯಲು ಹೇಗೆ ನೆರವಾಯಿತೆಂಬುದನ್ನು ತಿಳಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ವಯಸ್ಕ ಮನುಷ್ಯನ ದೇಹದಲ್ಲಿ ಸುಮಾರು 5 ಲೀಟರು ರಕ್ತವಿರುವುದು. ಅದರ ಶೇಕಡಾ 55ರಷ್ಟು ಭಾಗ ಪ್ಲಾಸ್ಮಾ ಎಂಬ ದ್ರವ. ಉಳಿದುದು ಬಹುಮಟ್ಟಿಗೆ ಕೆಂಪು ಕಣಗಳು. ಒಂದು ಘನ ಮಿಲಿಮೀಟರಿನಲ್ಲಿ ಸುಮಾರು 50 ಲಕ್ಷದಷ್ಟಿರುವ ಕೆಂಪು ಕಣಗಳು ಆಮ್ಲಜನಕವನ್ನು ಸಾಗಿಸುತ್ತವೆ. 4ರಿಂದ 11 ಸಾವಿರದಷ್ಟಿರುವ ಬಿಳಿಯ ಕಣಗಳು ರೋಗಾಣುಗಳನ್ನು ಎದುರಿಸುತ್ತವೆ. ಒಂದೂವರೆಯಿಂದ ನಾಲ್ಕೂವರೆ ಲಕ್ಷದಷ್ಟಿರುವ ಪ್ಲೇಟ್‌ಲೆಟ್‌ಗಳು ರಕ್ತವನ್ನು ಹೆಪ್ಪುಗಟ್ಟಿಸಲು ನೆರವಾಗುತ್ತವೆ. ಪ್ಲಾಸ್ಮಾದಲ್ಲಿ ಆಹಾರಾಂಶಗಳಲ್ಲದೆ, ಹಿಂದೆ ತಗಲಿದ ಸೋಂಕುಗಳ ಗುರುತಾಗಿ ಉಳಿಯುವ ಪ್ರತಿಕಾಯಗಳೂ ಇರುತ್ತವೆ. ಈ ಕೊನೆಯ ಅಂಶವು ಮುಂದಿನ ವಿವೇಚನೆಗೆ ಮುಖ್ಯವಾದುದು.

1957ರ ಮಾರ್ಚಿಯಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮುಸುವಗಳೂ ಕೋತಿಗಳೂ ಸಾಯುತ್ತಿರುವ ಸುದ್ದಿ ಹೊರಬಿದ್ದಿತು. ಸುತ್ತಣ ಹಳ್ಳಿಗಳಲ್ಲಿ ಜ್ವರಪೀಡಿತರಿದ್ದರು. ಮೊದಲು ಅದನ್ನು ವಿಷಮಶೀತ ಜ್ವರವೆಂದು ಭಾವಿಸಲಾಗಿತ್ತು. ಮಂಗಗಳ ಸಾವು ವೈದ್ಯರಲ್ಲಿ ಇನ್ನೊಂದು ಆತಂಕವನ್ನು ಹುಟ್ಟಿಸಿತು. ಆಫ್ರಿಕಾ, ದಕ್ಷಿಣ ಅಮೆರಿಕಗಳಲ್ಲಿರುವ ಹಳದಿ ಜ್ವರವು ಭಾರತಕ್ಕೂ ಬಂದಿತೇ ಎಂಬುದೇ ಆ ಆತಂಕ. ಪುಣೆಯಲ್ಲಿ 1952ರಲ್ಲಿ ಸ್ಥಾಪಿತವಾಗಿದ್ದ ವೈರಸ್ ಸಂಶೋಧನಾ ಕೇಂದ್ರದ ಟೆಲ್‌ಫರ್ಡ್ ವರ್ಕ್, ಹೆರಾಲ್ಡ್ ಟ್ರಪಿಡೊ ಮತ್ತು ಅವರ ಸಹೋದ್ಯೋಗಿಗಳು ಈ ಪ್ರಶ್ನೆಯನ್ನು ಕೈಗೆತ್ತಿಕೊಂಡರು.

ಉತ್ತರವು ರೋಗಿಗಳ ರಕ್ತದಲ್ಲಿಯೂ ಮಂಗಗಳ ದೇಹದಲ್ಲಿಯೂ ದೊರೆಯಿತು. ಅವುಗಳಿಂದ ಬೇರ್ಪಡಿಸಿದ ವೈರಸ್ಸು ಹಳದಿ ಜ್ವರದ್ದಾಗಿರಲಿಲ್ಲ. ಪ್ರತಿಕಾಯಗಳೊಡನೆ ಅದು ವರ್ತಿಸುವ ಬಗೆಯನ್ನು ಪರೀಕ್ಷಿಸಿದಾಗ, ರಷ್ಯದ ಕಾಡುಗಳಲ್ಲಿ ಉಣುಗುಗಳಿಂದ ಹರಡುವ ಮೆದುಳಿನ ಉರಿಯೂತದ ವೈರಸ್ಸಿಗೆ ಅದು ಹತ್ತಿರದ ಬಂಧುವೆಂದು ತಿಳಿದುಬಂದಿತು. ಸಾವಿರಾರು ಮೈಲಿಗಳ ಅಂತರವಿರುವ ಎರಡು ಕಾಡುಗಳ ರೋಗಗಳ ಸಂಬಂಧವನ್ನು ಹೀಗೆ ರಕ್ತದ ದ್ರವಭಾಗವು ತೋರಿಸಿಕೊಟ್ಟಿತು. ಈ ಸಂಬಂಧದ ಅರಿವು ಸಂಶೋಧಕರ ಗಮನವನ್ನು ಉಣುಗುಗಳ ಕಡೆಗೆ ತಿರುಗಿಸಿತು. ಮುಖ್ಯ ವಾಹಕವು ಹೀಮಾಫೈಸಾಲಿಸ್ ಸ್ಪಿನಿಜೆರಾ ಎಂಬ ಜಾತಿಯೆಂದು ನಿರ್ಧಾರವಾಯಿತು.

ಈ ರೋಗವು ರಕ್ತದ ಒಂದೊಂದು ಅಂಗವನ್ನೂ ತಟ್ಟುವುದು. ಬಿಳಿಯ ಕಣಗಳೂ ಪ್ಲೇಟ್‌ಲೆಟ್‌ಗಳೂ ಇಳಿಮುಖವಾಗುತ್ತವೆ. ಕೆಲವು ರೋಗಿಗಳಲ್ಲಿ ಮೂಗು, ವಸಡು, ಕರುಳುಗಳಿಂದ ರಕ್ತ ಸ್ರವಿಸುವುದು. ಮೊದಲ ದಿನಗಳಲ್ಲಿ ವೈರಸ್ಸು ರಕ್ತದಲ್ಲಿಯೇ ಇರುವುದರಿಂದ ಅದನ್ನು ನೇರವಾಗಿ ಪತ್ತೆಮಾಡಬಹುದು. ಅನಂತರ ಪ್ರತಿಕಾಯಗಳನ್ನು ಹುಡುಕಬೇಕಾಗುವುದು. ರಕ್ತವನ್ನು ಯಾವ ದಿನ ತೆಗೆಯಲಾಯಿತೆಂಬುದನ್ನು ಬರೆದಿಡದಿದ್ದರೆ ಪರೀಕ್ಷೆಯ ಫಲಿತಾಂಶವು ತಪ್ಪು ದಾರಿಗೆಳೆಯಬಹುದು. ಕಾಲವನ್ನರಿಯದ ದಾಖಲೆಯನ್ನು ಚರಿತ್ರಕಾರನು ನಂಬದಂತೆಯೇ ಇದೂ ಸರಿ.

ಹೆಸರಿನ ಮಾತನ್ನೂ ಇಲ್ಲಿ ಹೇಳಬೇಕು. ಮಂಗವು ಈ ರೋಗಕ್ಕೆ ಮನುಷ್ಯನಂತೆಯೇ ಬಲಿಯಾಗುವ ಜೀವಿ. ಸತ್ತ ಮಂಗದ ಮೈಯಿಂದ ಇಳಿದ ಉಣುಗುಗಳು ಆ ಸ್ಥಳವನ್ನು ಅಪಾಯಕರವಾಗಿಸುತ್ತವೆ. ಬೆಳೆದ ಉಣುಗು ದನಗಳ ರಕ್ತವನ್ನು ಹೀರಿ ಸಂತಾನವನ್ನು ವೃದ್ಧಿಸುವುದು. ಸೌದೆಗೆ, ದರಗಿಗೆ, ದನ ಮೇಯಿಸಲು ಕಾಡಿಗೆ ಹೋಗುವ ಬಡವರಿಗೆ ಮರಿ ಉಣುಗು ಕಚ್ಚುವುದು. ಒಬ್ಬ ರೋಗಿಯಿಂದ ಇನ್ನೊಬ್ಬನಿಗೆ ಇದು ಹರಡದು. ಆದುದರಿಂದ ಮಂಗಗಳನ್ನು ದ್ವೇಷಿಸುವುದಾಗಲಿ, ರೋಗಿಯನ್ನು ದೂರವಿಡುವುದಾಗಲಿ ಸಲ್ಲದು.

ನಿಷ್ಕ್ರಿಯಗೊಳಿಸಿದ ವೈರಸ್ಸಿನ ಲಸಿಕೆಯು 1990ರಿಂದ ಬಳಕೆಯಲ್ಲಿತ್ತು. ಅದು ಉಂಟುಮಾಡುವ ರಕ್ಷಣೆ ಅಲ್ಪಕಾಲದ್ದಾದುದರಿಂದ ಮತ್ತೆ ಮತ್ತೆ ಚುಚ್ಚಿಸಿಕೊಳ್ಳಬೇಕಾಗಿತ್ತು. 2022ರಲ್ಲಿ ಅದರ ಬಳಕೆ ನಿಂತಿತು. ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ 2019ರಲ್ಲಿ ಸಂಭವಿಸಿದ ಸಾವುಗಳು ಈ ಚರಿತ್ರೆ ಇನ್ನೂ ಮುಗಿದಿಲ್ಲವೆಂಬುದನ್ನು ನೆನಪಿಸಿದುವು. ಪ್ರಯೋಗಾಲಯದಲ್ಲಿ ಒಂದು ಹನಿ ರಕ್ತವನ್ನು ಸೂಕ್ಷ್ಮದರ್ಶಕದಡಿ ಇಡುವ ವಿದ್ಯಾರ್ಥಿಯು, ಅಂಥ ಹನಿಗಳಿಂದಲೇ ನಮ್ಮ ನೆರೆಯ ಹಳ್ಳಿಗಳ ಸಂಕಟಕ್ಕೆ ಕಾರಣ ತಿಳಿದುಬಂದಿತೆಂಬುದನ್ನು ಮರೆಯಬಾರದು.