ಮುತ್ತು ಕಟ್ಟಿದವರ ಧರ್ಮ, ಕಟ್ಟಿಸಿಕೊಂಡವಳ ಸ್ವಾತಂತ್ರ್ಯ

ಮಗುವಿನ ಮೈಮೇಲೆ ದೇವರ ಹೆಸರಿನ ಗುರುತು ಹಾಕುವ ಹಕ್ಕು ಯಾರದು? ಹೆತ್ತವರದೆ, ಪೂಜಾರಿಯದೆ, ಸರಕಾರದ್ದೆ? ಈಗ ದೇಶ ದೇಶಗಳ ಕೋರ್ಟುಗಳು ಈ ಪ್ರಶ್ನೆ ಕೇಳುತ್ತಿವೆ. ತೆಲಸಂಗ, ಕೊಕಟನೂರ, ಅಥಣಿ, ರಾಯಬಾಗ ಕಡೆಯ ಕೇರಿಗಳಲ್ಲಿ ಹುಟ್ಟಿದ ನಮಗೆ ಇದು ಹೊಸ ಪ್ರಶ್ನೆ ಅಲ್ಲ. ನಮ್ಮ ಅವ್ವಂದಿರ, ಅಕ್ಕಂದಿರ ಕೊರಳಿಗೆ ಕಟ್ಟಿದ ಕೆಂಪು ಬಿಳಿ ಮುತ್ತಿನಲ್ಲಿ ನಾವು ಇದನ್ನು ಕಣ್ಣಾರೆ ಕಂಡಿದ್ದೇವೆ.

ಮೊದಲು ದೂರದ ಸುದ್ದಿ ನೋಡೋಣ. ಜರ್ಮನಿಯ ಕಲೋನ್ ಪಟ್ಟಣದಲ್ಲಿ ನಾಲ್ಕು ವರ್ಷದ ಒಬ್ಬ ಮುಸ್ಲಿಂ ಹುಡುಗನಿಗೆ ತಂದೆತಾಯಿ ಡಾಕ್ಟರರ ಕೈಲಿ ಸುನ್ನತಿ ಮಾಡಿಸಿದರು. ಎರಡು ದಿನದ ಮೇಲೆ ರಕ್ತ ಸೋರಿ ಆಸ್ಪತ್ರೆಗೆ ಒಯ್ಯಬೇಕಾಯಿತು. 2012ರ ಮೇ ತಿಂಗಳಲ್ಲಿ ಅಲ್ಲಿನ ಕೋರ್ಟು, ಧರ್ಮದ ಕಾರಣಕ್ಕೆ ಮಗುವಿನ ಮೈ ಕೊಯ್ಯುವುದು ಗಾಯ ಮಾಡಿದ ಅಪರಾಧ ಎಂದಿತು. ಕಾನೂನು ಸ್ಪಷ್ಟ ಇರಲಿಲ್ಲ ಅಂತ ಡಾಕ್ಟರನನ್ನು ಬಿಟ್ಟಿತು. ಮುಸ್ಲಿಮರೂ ಯಹೂದಿಗಳೂ ಇದರ ವಿರುದ್ಧ ದನಿ ಎತ್ತಿದರು. ಯಹೂದಿಗಳನ್ನು ಲಕ್ಷ ಲಕ್ಷ ಕೊಂದ ನೆಲ ಅದು. ಅದೇ ಡಿಸೆಂಬರಿನಲ್ಲಿ ಜರ್ಮನಿಯ ಸಂಸತ್ತು ಹೊಸ ಕಾಯ್ದೆ ಮಾಡಿ, ವೈದ್ಯಕೀಯ ನಿಯಮದಂತೆ ಮಾಡಿದರೆ ಸುನ್ನತಿಗೆ ಅಡ್ಡಿ ಇಲ್ಲ ಎಂದಿತು. 2018ರಲ್ಲಿ ಐಸ್‌ಲ್ಯಾಂಡಿನಲ್ಲಿ ಜೈಲುಶಿಕ್ಷೆಯ ಮಸೂದೆ ಬಂತು, ಕಾಯ್ದೆ ಆಗಲಿಲ್ಲ. 2023ರಲ್ಲಿ ಕೇರಳ ಹೈಕೋರ್ಟಿಗೆ ಮಕ್ಕಳ ಸುನ್ನತಿ ನಿಲ್ಲಿಸಿ ಅಂತ ಅರ್ಜಿ ಹೋಯಿತು. ಕೋರ್ಟು ಅದನ್ನು ವಜಾ ಮಾಡಿತು.

ಈ ಸುದ್ದಿ ಬಂದಾಗಲೆಲ್ಲ ನಮ್ಮಲ್ಲಿ ಕೆಲವರಿಗೆ ಮಕ್ಕಳ ಹಕ್ಕು ಒಮ್ಮೆಲೇ ನೆನಪಾಗುತ್ತದೆ. ಇನ್ನು ಕೆಲವರು ಧರ್ಮದ ತಂಟೆಗೆ ಬರಬ್ಯಾಡ್ರಿ ಅಂತಾರೆ. ಇಬ್ಬರಿಗೂ ನಮ್ಮ ತಾಲೂಕಿನ ಚರಿತ್ರೆ ಹೇಳಬೇಕಾಗಿದೆ.

ನಮ್ಮ ಕಡೆ ಎಲ್ಲಮ್ಮನಿಗೆ ಹುಡುಗಿಯನ್ನು ಬಿಡುತ್ತಿದ್ದರು. ಗಂಡು ಹುಟ್ಟದಿದ್ದರೆ ಮುಪ್ಪಿನಲ್ಲಿ ಅನ್ನ ಹಾಕಲಿ ಅಂತ ಒಬ್ಬ ಮಗಳನ್ನು ಬಿಟ್ಟರು. ಕೂಸಿಗೆ ಜಡ್ಡು ಬಂದರೆ ಬಿಟ್ಟರು. ಎಣ್ಣೆ ಕಾಣದ ತಲೆಯಲ್ಲಿ ಜಟೆ ಕಟ್ಟಿದರೆ, ತಾಯಿ ಕರೆದಳು ಅಂತ ಬಿಟ್ಟರು. ಮುತ್ತು ಕಟ್ಟಿಸಿಕೊಂಡ ಮೇಲೆ ಆಕೆ ಮದುವೆ ಆಗುವಂತಿಲ್ಲ. ಕೈಯಲ್ಲಿ ಪಡ್ಡಲಗಿ, ಹಣೆ ತುಂಬ ಭಂಡಾರ, ಮಂಗಳವಾರ ಶುಕ್ರವಾರ ಜೋಗ. ಮೈ ನೆರೆದ ಮೇಲೆ ಊರ ಉಳ್ಳವನೊಬ್ಬ ಬರುತ್ತಿದ್ದ. ಆಮೇಲೆ ಸಾಂಗಲಿ, ಪುಣೆ, ಮುಂಬಯಿಯ ಕಾಮಾಟಿಪುರ. ಮುತ್ತು ಕಟ್ಟುವಾಗ ಹುಡುಗಿಯನ್ನು ಯಾರೂ ಕೇಳಲಿಲ್ಲ. ಕೇಳಿದರೂ ಏಳು ಎಂಟು ವರ್ಷದ ಕೂಸು ಏನು ಹೇಳೀತು?

ಹಾಗಂತ ಕಾಯ್ದೆಗಳು ಇರಲಿಲ್ಲ ಅಂತ ಅಲ್ಲ. 1909ರಲ್ಲಿ ಮೈಸೂರು ಸಂಸ್ಥಾನ ತನ್ನ ದೇವಸ್ಥಾನಗಳ ದೇವದಾಸಿ ಸೇವೆ ನಿಲ್ಲಿಸಿತು. 1920ರಲ್ಲಿ ನಮ್ಮ ನೆರೆಯ ಕೊಲ್ಹಾಪುರದ ಶಾಹು ಮಹಾರಾಜರು ಜೋಗತಿ ಮುರಳಿಯರನ್ನು ಬಿಡುವ ಪದ್ಧತಿಯ ವಿರುದ್ಧ ಕಾಯ್ದೆ ತಂದರು. 1934ರಲ್ಲಿ ಮುಂಬಯಿ ದೇವದಾಸಿ ರಕ್ಷಣಾ ಕಾಯ್ದೆ ಬಂತು. ಬೆಳಗಾವಿ ಜಿಲ್ಲೆ ಆಗ ಮುಂಬಯಿ ಪ್ರಾಂತದಲ್ಲಿತ್ತು. ಹುಡುಗಿಯ ಒಪ್ಪಿಗೆ ಇರಲಿ ಇಲ್ಲದಿರಲಿ ಬಿಡುವುದು ಅಪರಾಧ, ಆಕೆ ಮದುವೆಯಾದರೆ ಆ ಮದುವೆ ಕಾನೂನುಬದ್ಧ ಎಂದು ಆ ಕಾಯ್ದೆ ಹೇಳಿತು. 1947ರಲ್ಲಿ ಮದ್ರಾಸಿನಲ್ಲೂ ಕಾಯ್ದೆ ಆಯಿತು. ಅದರ ಹಿಂದೆ ಡಾ. ಮುತ್ತುಲಕ್ಷ್ಮಿ ರೆಡ್ಡಿಯವರ ವರ್ಷಗಟ್ಟಲೆ ದುಡಿಮೆ ಇತ್ತು.

ಇಷ್ಟೆಲ್ಲ ಆದರೂ ನಮ್ಮ ಕೇರಿಯಲ್ಲಿ ಮುತ್ತು ಕಟ್ಟುವುದು ಯಾಕೆ ನಿಲ್ಲಲಿಲ್ಲ? ಮೈಸೂರಿನ ಆಜ್ಞೆ ಮುಟ್ಟಿದ್ದು ದೇವಸ್ಥಾನದ ಪಟ್ಟಿಯಲ್ಲಿ ಹೆಸರಿದ್ದ, ಸಂಬಳ ಮಾನ್ಯ ಇದ್ದ ಹೆಂಗಸರನ್ನು. ಹೊಲಗೇರಿ ಮಾದಿಗರ ಕೇರಿಯ ಜೋಗತಿ ಯಾವ ಪಟ್ಟಿಯಲ್ಲಿದ್ದಳು? ಆಕೆಗೆ ಮಾನ್ಯವೂ ಇಲ್ಲ, ಸಂಬಳವೂ ಇಲ್ಲ. ಮುಂಬಯಿ ಕಾಯ್ದೆ ಆಕೆಯ ಮದುವೆಯನ್ನು ಒಪ್ಪಿತು. ಮದುವೆಯಾಗದವಳ ಹೊಟ್ಟೆಗೆ ಏನು ಅಂತ ಕೇಳಲಿಲ್ಲ. ಫಿರ್ಯಾದಿ ಕೊಡಬೇಕಾದವರು ಊರ ಗೌಡರು, ಕುಲಕರ್ಣಿಗಳು. ಆಕೆ ಜೋಗತಿಯಾಗಿದ್ದರಿಂದ ಯಾರಿಗೆ ಅನುಕೂಲ ಇತ್ತೋ ಅವರೇ ಕಾಯ್ದೆಯ ಕಾವಲಿಗೆ ಇದ್ದರು.

ಬಾಬಾಸಾಹೇಬರು ಇದನ್ನು ಬಲ್ಲವರು. 1925ರಲ್ಲಿ ನಿಪ್ಪಾಣಿಗೆ ಬಂದು ನಮ್ಮ ಜನರ ಪರಿಷತ್ತಿನಲ್ಲಿ ಮಾತಾಡಿದವರು ಅವರು. 1936ರ ಜೂನಿನಲ್ಲಿ ಮುಂಬಯಿಯಲ್ಲಿ ದೇವದಾಸಿಯರು, ಜೋಗತಿಯರು, ಪೋತರಾಜರ ಸಭೆಯಲ್ಲಿ ನಿಂತು, ಈ ಬದುಕು ಬಿಟ್ಟು ಬನ್ನಿ ಅಂತ ಮುಖಕ್ಕೆ ಮುಖ ಕೊಟ್ಟು ಹೇಳಿದರು. 1948ರಲ್ಲಿ ಸಂವಿಧಾನ ಸಭೆಯಲ್ಲಿ ಅವರು ಎತ್ತಿದ ಮಾತು ಇದೇ: ಈ ದೇಶದಲ್ಲಿ ಧರ್ಮ ಹುಟ್ಟಿನಿಂದ ಸಾವಿನ ತನಕ ಎಲ್ಲವನ್ನೂ ಹಿಡಿದುಕೊಂಡಿದೆ, ಎಲ್ಲವನ್ನೂ ಧರ್ಮ ಅಂತ ಬಿಟ್ಟುಕೊಟ್ಟರೆ ಸಮಾಜ ಸುಧಾರಣೆಗೆ ಜಾಗವೇ ಉಳಿಯುವುದಿಲ್ಲ. ಅದಕ್ಕೇ ಸಂವಿಧಾನದ 25ನೇ ಕಲಂ ಧರ್ಮದ ಸ್ವಾತಂತ್ರ್ಯ ಕೊಡುವಾಗಲೇ ಸಾರ್ವಜನಿಕ ಶಾಂತಿ, ನೀತಿ, ಆರೋಗ್ಯ, ಉಳಿದ ಮೂಲಭೂತ ಹಕ್ಕುಗಳ ಬೇಲಿ ಹಾಕಿದೆ. ಸಮಾಜ ಸುಧಾರಣೆಗೆ ಕಾಯ್ದೆ ಮಾಡುವ ದಾರಿಯನ್ನೂ ಬಿಟ್ಟಿದೆ. ಅದೇ ಸ್ವಾತಂತ್ರ್ಯಕ್ಕಾಗಿ ಉಡುಪಿಯ ಶಿರೂರು ಮಠದವರು ಕೋರ್ಟಿಗೆ ಹೋದರು. 1954ರಲ್ಲಿ ಸುಪ್ರೀಂ ಕೋರ್ಟು, ಧರ್ಮಕ್ಕೆ ಯಾವುದು ಅತ್ಯಗತ್ಯ ಎಂಬುದನ್ನು ಆ ಧರ್ಮದ ತತ್ವಗಳಿಂದಲೇ ನೋಡಬೇಕು ಎಂದಿತು. ಮಠಕ್ಕೆ ವಕೀಲರಿದ್ದರು. ಎಲ್ಲಮ್ಮನಿಗೆ ಬಿಟ್ಟ ಹುಡುಗಿಯ ಪರವಾಗಿ, ಈಕೆಯ ಧರ್ಮಕ್ಕೆ ಇದು ಅತ್ಯಗತ್ಯವೆ ಅಂತ ಕೇಳಿದವರು ಎಷ್ಟು ಜನ?

ಕೇಳಿದವರಿಗೆ ಏನಾಯಿತು ಅನ್ನುವುದನ್ನು ಚಂದ್ರಗುತ್ತಿ ಹೇಳುತ್ತದೆ. ಸೊರಬ ತಾಲೂಕಿನ ಆ ಗುಡ್ಡದ ರೇಣುಕಾಂಬೆಗೆ ಬೆತ್ತಲಾಗಿ ಹರಕೆ ತೀರಿಸುತ್ತಿದ್ದವರಲ್ಲಿ ಹೆಚ್ಚಿನವರು ದಲಿತರು, ಹಿಂದುಳಿದವರು. 1986ರ ಮಾರ್ಚಿನಲ್ಲಿ ಅದನ್ನು ತಡೆಯಲು ದಲಿತ ಸಂಘರ್ಷ ಸಮಿತಿಯವರು ಮತ್ತು ಇತರರು ಹೋದರು. ಹೋದವರನ್ನು ಹೊಡೆದರು. ಹೋರಾಟಗಾರರನ್ನೂ ಪೊಲೀಸರನ್ನೂ ಬೆತ್ತಲೆ ಮಾಡಿದರು. ಆಮೇಲೆ ಸರಕಾರ ಬೆತ್ತಲೆ ಸೇವೆ ನಿಷೇಧಿಸಿತು. ನಮ್ಮವರ ಮಾನಕ್ಕಾಗಿ ಹೋದವರ ಮೇಲೆ ನಮ್ಮವರೇ ಕೈ ಎತ್ತುವ ಹಾಗೆ ಮಾಡಿತ್ತು ಆ ಭಕ್ತಿ. ಇಂಥ ಕಡೆ ಬರೀ ಆಜ್ಞೆ ಸಾಲದು ಅನ್ನುವ ಪಾಠವೂ ಅಲ್ಲಿಯೇ ಇತ್ತು.

ಕರ್ನಾಟಕದ 1982ರ ದೇವದಾಸಿ ನಿಷೇಧ ಕಾಯ್ದೆ 1984ರಲ್ಲಿ ಜಾರಿಗೆ ಬಂತು. ಅದನ್ನು ನಾವು ಸ್ವಾಗತಿಸುತ್ತೇವೆ. ಆದರೆ ಅದರ ಶಿಕ್ಷೆಯ ಕಲಂ ಓದಿ ನೋಡಿ. ಮುತ್ತು ಕಟ್ಟಿದ ಪೂಜಾರಿಗೆ 3 ವರ್ಷದ ತನಕ ಜೈಲು. ಹೆತ್ತವರಿಗೆ, ಸಂಬಂಧಿಕರಿಗೆ ಕಡಿಮೆ ಎಂದರೂ 2 ವರ್ಷ, 5 ವರ್ಷದ ತನಕ. ಆ ಹುಡುಗಿಯ ಮೈಯನ್ನು ಕಾದು ಕೂತ ಸಾಹುಕಾರನ ಹೆಸರು ಎಲ್ಲಿದೆ? ಮುತ್ತು ಕಟ್ಟಲು ಆತ ಸಹಾಯ ಮಾಡಿದ ಅಂತ ಸಾಬೀತಾದರೆ ಮಾತ್ರ ಸಿಕ್ಕಬೇಕು. ಅಂಜಿದ ಜನ ಸವದತ್ತಿ ಗುಡ್ಡ ಬಿಟ್ಟು, ರಾತ್ರಿ ಮನೆಯೊಳಗೆ, ಸಣ್ಣ ಗುಡಿಗಳಲ್ಲಿ ಮುತ್ತು ಕಟ್ಟತೊಡಗಿದರು. ಸರಕಾರದ 1993-94ರ ಸಮೀಕ್ಷೆಯಲ್ಲಿ 22,873 ದೇವದಾಸಿಯರು ಸಿಕ್ಕರು. 2007-08ರ ಸಮೀಕ್ಷೆ ಸೇರಿದಾಗ ಒಟ್ಟು 46,660.

ಬದಲಾವಣೆ ಬೇರೆ ದಾರಿಯಿಂದ ಬಂತು. 1990ರ ದಶಕದಲ್ಲಿ ಬೆಳಗಾವಿ ಜಿಲ್ಲೆಯ ದೇವದಾಸಿಯರೇ ಸಂಘ ಕಟ್ಟಿಕೊಂಡರು. ಉಳಿತಾಯ ಮಾಡಿದರು, ಸಾಲ ತಗೊಂಡು ಎಮ್ಮೆ ಆಡು ಕಟ್ಟಿದರು. 1997ರಲ್ಲಿ ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆ ಹುಟ್ಟಿತು. ಮುತ್ತು ಕಟ್ಟಿಸಿಕೊಂಡಿದ್ದವರೇ ಊರೂರಿಗೆ ಹೋಗಿ ಬೇರೆಯವರ ಮುತ್ತು ಬಿಚ್ಚಿಸಿದರು, ಜಟೆ ಕತ್ತರಿಸಿದರು. ತಾಯಿ ಮುನಿಯುತ್ತಾಳೆ ಅಂದವರಿಗೆ, ನನ್ನ ಮ್ಯಾಲೆ ಮುನಿದಾಳೇನ ನೋಡ್ರಿ ಅಂತ ತಮ್ಮ ಮೈಯನ್ನೇ ಸಾಕ್ಷಿ ಕೊಟ್ಟರು. ಏಳನೇ ವಯಸ್ಸಿಗೆ ಮುತ್ತು ಕಟ್ಟಿಸಿಕೊಂಡಿದ್ದ ಸೀತವ್ವ ಜೋಡಟ್ಟಿ ಆ ಸಂಸ್ಥೆಯನ್ನು ನಡೆಸಿದರು. 2018ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಕಾಯ್ದೆಗೆ ಕಾಲು ಬಂದದ್ದು ಇವರಿಂದ.

ಈ ಚರಿತ್ರೆ ಹಿಡಿದುಕೊಂಡು ಸುನ್ನತಿಯ ವಾದಕ್ಕೆ ಬರೋಣ. ಎರಡೂ ಒಂದೇ ಅಂತ ನಾವು ಹೇಳುವುದಿಲ್ಲ. ಸುನ್ನತಿಯಾದ ಹುಡುಗ ತನ್ನ ಸಮಾಜದ ಒಳಗೆ ಬರುತ್ತಾನೆ. ಓದುತ್ತಾನೆ, ಮದುವೆಯಾಗುತ್ತಾನೆ, ತಂದೆಯ ಹೆಸರು ಹೇಳುತ್ತಾನೆ. ಮುತ್ತು ಕಟ್ಟಿಸಿಕೊಂಡ ಹುಡುಗಿಗೆ ಇದೆಲ್ಲದರ ಬಾಗಿಲು ಮುಚ್ಚುತ್ತದೆ. ಆದರೆ ಕೇಳಬೇಕಾದ ಪ್ರಶ್ನೆಗಳು ಎರಡೂ ಕಡೆ ಒಂದೇ. ಮೈ ಯಾರದು? ಆ ಮಗುವಿಗೆ ದೊಡ್ಡದಾದ ಮೇಲೆ ಹಿಂದಕ್ಕೆ ಬರುವ ದಾರಿ ಇದೆಯೆ? ಇದರಿಂದ ಲಾಭ ಯಾರಿಗೆ? ನೋವಾದರೆ ನೋಡುವವರು ಯಾರು? ಹೆಣ್ಣುಮಕ್ಕಳ ಸುನ್ನತಿಯ ಮೇಲೆ ದಾವೂದಿ ಬೋಹ್ರಾ ಸಮಾಜದ ಹೆಂಗಸರೇ ದನಿ ಎತ್ತಿದ್ದಾರೆ. 2018ರಲ್ಲಿ ಸುಪ್ರೀಂ ಕೋರ್ಟು ಆ ಪ್ರಶ್ನೆಯನ್ನು ದೊಡ್ಡ ಪೀಠಕ್ಕೆ ಕಳಿಸಿತು. ನಮ್ಮ ಬಂಡಾಯದ ಬಾನು ಮುಷ್ತಾಕರು ಬಡವರ ಮಕ್ಕಳ ಸುನ್ನತಿ, ಶ್ರೀಮಂತರ ಮಗನ ಸುನ್ನತಿ ಎರಡನ್ನೂ ಎದುರಿಗೆ ಇಟ್ಟು ಕತೆ ಬರೆದಿದ್ದಾರೆ. ಒಳಗಿನವರು ಕೇಳುವ ಪ್ರಶ್ನೆಯ ಬಲವೇ ಬೇರೆ. ತಮ್ಮ ಊರ ಜೋಗತಿಯನ್ನು ನೋಡದೆ ಪಕ್ಕದ ಓಣಿಯ ಸುನ್ನತಿಗೆ ಮಾತ್ರ ನಿಷೇಧ ಬೇಡುವವರ ಕೈಗೆ ನಮ್ಮ ಚರಿತ್ರೆಯನ್ನು ಬಡಿಗೆಯಾಗಿ ಕೊಡಲು ನಾವು ತಯಾರಿಲ್ಲ.

ಧರ್ಮದ ಸ್ವಾತಂತ್ರ್ಯ ಮೊದಲು ಸಲ್ಲಬೇಕಾದ್ದು ಗುರುತು ಹೊರುವ ಮೈಗೆ. ಹಾಕುವ ಕೈಯ ಹಕ್ಕು ಆಮೇಲಿನ ಮಾತು.

ಕೆಲಸ ಇನ್ನೂ ಇದೆ. 2025ರ ಆಗಸ್ಟಿನಲ್ಲಿ ನಮ್ಮ ವಿಧಾನಸಭೆ ದೇವದಾಸಿಯರ ಬಗ್ಗೆ ಹೊಸ ಮಸೂದೆ ಒಪ್ಪಿತು. ದೇವದಾಸಿಯರ ಮಕ್ಕಳಿಗೆ ತಂದೆಯ ಹೆಸರಿನ ಒತ್ತಾಯ ಇರಬಾರದು ಅನ್ನುವ ಮಾತು ಅದರಲ್ಲಿದೆ. ಹಳ್ಳಿಯ ಮಾಸ್ತರರೆ, ಬಾಯಾರೆ, ಇದು ನಿಮ್ಮ ದಾಖಲೆ ಪುಸ್ತಕದಿಂದಲೇ ಸುರುವಾಗಬೇಕು. ಅಪ್ಪನ ಹೆಸರಿನ ಜಾಗ ಖಾಲಿ ಬಿಟ್ಟ ಕೂಸನ್ನು ತರಗತಿಯ ನಡುವೆ ನಿಲ್ಲಿಸಿ ಕೇಳಬೇಡಿ. ನಾಕು ದಿನ ಸಾಲಿಗೆ ಬಾರದ ಹುಡುಗಿಯ ಮನೆಗೆ ಹೋಗಿ ಬನ್ನಿ. ಗೆಳೆಯರೆ, ಕೊಕಟನೂರ ಎಲ್ಲಮ್ಮನ ಜಾತ್ರೆಗೆ ನಾವೂ ಹೋಗೋಣ. ಬೋರ್ಡು ಹಿಡಿದು ದೂರ ನಿಲ್ಲುವುದು ಬೇಡ. ಮುತ್ತು ಬಿಚ್ಚಿದ ಅವ್ವಂದಿರನ್ನು ಮುಂದೆ ಮಾಡಿ, ಅವರ ಹಿಂದೆ ನಡೆಯೋಣ.