ಒಳಲೆಯಿಂದ ಪಂಪಿನವರೆಗೆ: ತಾಯಿಹಾಲು ತೆಗೆದಿಡೋ ಕಥೆ

ಈ ಸಲದ ಸಂಚಿಕೆ ಬೆಂಗಳೂರಿನ ರೂಮಿಂದ ಅಲ್ಲ, ಕಡೂರು ತಾಲ್ಲೂಕಿನ ಚೌಳಹಿರಿಯೂರಿಂದ. ನನ್ನ ತವರೂರು. ಮಧ್ಯೆ ಮಧ್ಯೆ ಜೋಲಿ ಕಿರ್ ಅನ್ನೋದು ಕೇಳಿಸಿದ್ರೆ ಬೇಜಾರು ಮಾಡ್ಕೋಬೇಡಿ, ಮೂರು ತಿಂಗಳ ಮಗಳು ಮಲಗಿದ್ದಾಳೆ. ಅವಳು ಏಳೋದ್ರೊಳಗೆ ಈ ಕಥೆ ಮುಗಿಸಬೇಕು.

ಹೋದ ತಿಂಗಳು ಮನೆಗೆ ಒಂದು ಪಾರ್ಸೆಲ್ ಬಂತು. ಬ್ರೆಸ್ಟ್ ಪಂಪ್. ಬಾಕ್ಸ್ ಬಿಚ್ಚಿ ಕೊಳವೆ, ಬಾಟಲಿ, ಚಾರ್ಜರ್ ಎಲ್ಲ ಚಾಪೆ ಮೇಲೆ ಹರಡಿಕೊಂಡು ಕೂತಿದ್ದೆ. ಅಜ್ಜಿ ಬಗ್ಗಿ ನೋಡಿ, "ಏನೇ ಇದು, ಹಸುಗೆ ಹಾಕೋ ಮಿಷನ್ನಾ?" ಅಂದ್ರು. ಎಲ್ರೂ ನಕ್ವಿ. ಆಮೇಲೆ ಈ ಪಂಪಿನ ಇತಿಹಾಸ ಓದ್ತಾ ಹೋದಾಗ ಗೊತ್ತಾಯ್ತು, ಅಜ್ಜಿ ಮಾತಲ್ಲಿ ಅರ್ಧ ಸತ್ಯ ಇತ್ತು.

ಮೊದಲು ನನಗೆ ಪಂಪ್ ಯಾಕೆ ಬೇಕಾಯ್ತು ಅಂತ ಹೇಳ್ತೀನಿ. ನಾನು ಓದಿದ್ದು ಬಿಕಾಂ, ಲೆಕ್ಕದಿಂದಲೇ ಶುರು ಮಾಡ್ತೀನಿ. ಸಂಬಳದ ಹೆರಿಗೆ ರಜೆ 26 ವಾರ. ಕೇಳೋಕೆ ಆರು ತಿಂಗಳು. ಆರು ತಿಂಗಳವರೆಗೆ ಮಗುವಿಗೆ ತಾಯಿಹಾಲು ಮಾತ್ರ ಕೊಡಿ ಅಂತ ವಿಶ್ವ ಆರೋಗ್ಯ ಸಂಸ್ಥೆಯೂ ಹೇಳುತ್ತೆ. ಎರಡೂ ಸರಿಹೊಂದಿತಲ್ಲ ಅನ್ಸುತ್ತೆ. ಆದ್ರೆ ಈ 26 ವಾರದಲ್ಲಿ 8 ವಾರದವರೆಗೆ ಹೆರಿಗೆಗೆ ಮುಂಚೆಯೇ ತಗೋಬಹುದು. ಡಾಕ್ಟರ್ ರೆಸ್ಟ್ ಮಾಡು ಅಂದಿದ್ರಿಂದ ನಾನು ಅಷ್ಟನ್ನೂ ತಗೊಂಡೆ. ಉಳಿದಿದ್ದು 18 ವಾರ, ಅಂದ್ರೆ 126 ದಿನ. ಆರು ತಿಂಗಳಿಗೆ ಸುಮಾರು 56 ದಿನ ಕಮ್ಮಿ. ಆ 56 ದಿನ ನಾನು ಆಫೀಸಿನಲ್ಲಿರ್ತೀನಿ, ಅಮ್ಮ ನಮ್ಮ ಬೆಂಗಳೂರಿನ ಮನೆಗೆ ಬಂದು ಮಗು ನೋಡ್ಕೋತಾರೆ. ಹಾಲು ಮಾತ್ರ ನನ್ನ ಜೊತೆ ಆಫೀಸಿಗೆ ಬಂದುಬಿಡುತ್ತೆ. ಪಂಪ್ ಬೇಕಾಗಿದ್ದು ಈ ಗ್ಯಾಪಿಗೆ.

ಹಾಗಂತ ಹಾಲು ತೆಗೆದಿಡೋದು ಹೊಸ ವಿಷಯ ಅಲ್ಲ. ನಮ್ಮ ಮನೇಲಿ ಒಂದು ಬೆಳ್ಳಿ ಒಳಲೆ ಇದೆ, ಮೂತಿ ಚಾಚಿದ ಪುಟ್ಟ ಬಟ್ಟಲು. ನಿಮ್ಮ ಮನೆಯ ಹಳೇ ಡಬ್ಬಿಯಲ್ಲೂ ಒಂದು ಇರಬಹುದು, ಹುಡುಕಿ ನೋಡಿ. ಮಗು ನಿಶ್ಶಕ್ತಿಯಿಂದ ಚೀಪದೇ ಇದ್ದಾಗ ತಾಯಿ ಕೈಯಲ್ಲೇ ಹಾಲು ಹಿಂಡಿ, ಒಳಲೆಯಿಂದ ಹನಿಹನಿಯಾಗಿ ಬಾಯಿಗೆ ಬಿಡ್ತಿದ್ರು. ತಮಿಳಿನಲ್ಲಿ ಇದಕ್ಕೆ ಪಾಲಾಡೈ ಅಂತಾರೆ, ವೈದ್ಯರ ಲೇಖನಗಳಲ್ಲೂ ಅದೇ ಹೆಸರು. ಅವಧಿಗೆ ಮುಂಚೆ ಹುಟ್ಟಿದ ಮಕ್ಕಳಿಗೆ ಇವತ್ತಿಗೂ ಆಸ್ಪತ್ರೆಗಳಲ್ಲಿ ಇದರಿಂದ ಹಾಲು ಕುಡಿಸ್ತಾರೆ. ಬಾಟಲಿಗಿಂತ ತೊಳೆಯೋದು ಸುಲಭ, ಕೊಳೆ ಕೂರೋಕೆ ಸಂದಿ ಇಲ್ಲ. ಅಂದ್ರೆ ಪಂಪ್ ಬರೋಕೆ ಮುಂಚೆಯೇ ನಮ್ಮಲ್ಲಿ ಒಂದು ವ್ಯವಸ್ಥೆ ಇತ್ತು: ಒಂದು ಕೈ, ಒಂದು ಒಳಲೆ, ಪಕ್ಕದಲ್ಲೇ ಮಗು.

ಈಗ ಅಜ್ಜಿಯ ಹಸು ಪ್ರಶ್ನೆಗೆ ಬರೋಣ. ನಮ್ಮ ಪಕ್ಕದ ಅಜ್ಜಂಪುರದಲ್ಲಿ ಅಮೃತ ಮಹಲ್ ತಳಿ ಸಂವರ್ಧನಾ ಕೇಂದ್ರ ಇರೋದು ಈ ಕಡೆಯವರಿಗೆ ಗೊತ್ತು. ಮೈಸೂರು ಒಡೆಯರ ಕಾಲದಲ್ಲಿ ಆ ದನಗಳ ಇಲಾಖೆಗೆ ಬೆಣ್ಣೆ ಚಾವಡಿ ಅಂತ ಹೆಸರಿತ್ತು, ಟಿಪ್ಪು ಅದನ್ನ ಅಮೃತ ಮಹಲ್ ಅಂತ ಬದಲಾಯಿಸಿದ. ಹೆಸರಲ್ಲಿ ಅಮೃತ ಇದ್ರೂ ಈ ತಳಿ ಹೆಸರು ಮಾಡಿದ್ದು ಎತ್ತುಗಳಿಂದ. ಹಸು ಕೊಡೋ ಹಾಲು ಕಮ್ಮಿ. ನಾಟಿ ಹಸು ಸಾಕಿದವರನ್ನ ಕೇಳಿ, ಮೊದಲು ಕರು ಬಿಡಬೇಕು ಅಂತಾರೆ. ಕರು ಬಾಯಿ ಹಾಕಿದ್ರೇನೇ ಹಸು ಹಾಲು ಇಳಿಸೋದು. ಬರೀ ಎಳೆದ್ರೆ ಒದೆ ಗ್ಯಾರಂಟಿ.

ಈ ಪಾಠ ಪಂಪ್ ಮಾಡಿದವರಿಗೆ ಅರ್ಥ ಆಗೋಕೆ ನೂರು ವರ್ಷ ಹಿಡೀತು. 1854ರಲ್ಲಿ ಅಮೆರಿಕದ ಆರ್ವೆಲ್ ನೀಡ್‌ಹ್ಯಾಮ್ ಅನ್ನೋರು ಗಾಳಿ ಎಳೆದು ಹಾಲು ತೆಗೆಯೋ ಸಾಧನಕ್ಕೆ ಪೇಟೆಂಟ್ ಪಡೆದರು. 1920ರ ದಶಕದಲ್ಲಿ ಎಡ್ವರ್ಡ್ ಲಾಸ್ಕರ್ ಯಂತ್ರದ ಪಂಪ್ ಮಾಡಿದರು. ಈತ ಎಂಜಿನಿಯರ್, ಜೊತೆಗೆ ಹೆಸರಾಂತ ಚೆಸ್ ಆಟಗಾರ. ವಿಶ್ವ ಚಾಂಪಿಯನ್ ಆಗಿದ್ದ ಎಮ್ಯಾನುಯೆಲ್ ಲಾಸ್ಕರ್ ಬೇರೆ, ಕನ್‌ಫ್ಯೂಸ್ ಆಗಬೇಡಿ. ಆ ಪಂಪ್ ಇದ್ದಿದ್ದು ಆಸ್ಪತ್ರೆಗೆ, ಚೀಪೋಕೆ ಶಕ್ತಿ ಇಲ್ಲದ ಪುಟಾಣಿಗಳ ತಾಯಂದಿರಿಗೆ.

ತಿರುವು ಬಂದಿದ್ದು ಸ್ವೀಡನ್ನಿನಲ್ಲಿ. ಐನಾರ್ ಎಗ್ನೆಲ್ ಅನ್ನೋ ಎಂಜಿನಿಯರ್ ಹಸುವಿನ ಹಾಲು ಕರೆಯೋ ಯಂತ್ರದ ಎಳೆತ ಹೆಂಗಸರಿಗೆ ಆಗಿಬರಲ್ಲ, ಗಾಯ ಆಗುತ್ತೆ ಅಂತ ಕಂಡುಕೊಂಡರು. ಎಷ್ಟರವರೆಗೆ ಎಳೆದರೆ ಸುರಕ್ಷಿತ, ಎಳೆದ ಮೇಲೆ ಯಾವಾಗ ಬಿಡಬೇಕು ಅಂತ ಅಳೆದು 1956ರಲ್ಲಿ ಪ್ರಕಟಿಸಿದರು. ಮಗು ಚೀಪಿ, ಬಿಟ್ಟು, ಮತ್ತೆ ಚೀಪೋ ಲಯ ಇದೆಯಲ್ಲ, ಯಂತ್ರವೂ ಅದನ್ನೇ ಮಾಡಬೇಕಿತ್ತು. ಆ ಕೆಲಸದಲ್ಲಿ ಸಲಹೆ ಕೊಟ್ಟ ನರ್ಸ್ ಮಾಯಾ ಹೆಸರನ್ನೇ ಆ ಪಂಪಿಗೆ ಇಟ್ಟರು. ಅಜ್ಜಿ ಪ್ರಶ್ನೆಗೆ ಉತ್ತರ ಸಿಕ್ತಲ್ಲ: ಹಸುವಿನ ಮಿಷನ್ ಅನ್ನೋ ಯೋಚನೆ ಬಿಟ್ಟ ಮೇಲೇನೇ ಅದು ತಾಯಂದಿರ ಪಂಪ್ ಆಗಿದ್ದು.

ಆಸ್ಪತ್ರೆಯಿಂದ ಮನೆಗೆ ಅದು ಬಂದಿದ್ದು ಇನ್ನೂ ತಡವಾಗಿ. 1991ರಲ್ಲಿ ಸ್ವಿಟ್ಜರ್ಲೆಂಡಿನ ಮೆಡೆಲಾ ಕಂಪನಿ ಮನೆಯಲ್ಲಿ ಬಳಸೋ ವಿದ್ಯುತ್ ಪಂಪನ್ನ ಅಮೆರಿಕದ ಮಾರುಕಟ್ಟೆಗೆ ಬಿಡ್ತು. ಅಮೆರಿಕದಲ್ಲಿ ದೇಶಕ್ಕೆಲ್ಲ ಅನ್ವಯಿಸೋ ಸಂಬಳದ ಹೆರಿಗೆ ರಜೆ ಇರಲಿಲ್ಲ, ಈಗಲೂ ಇಲ್ಲ. 1993ರಲ್ಲಿ ಬಂದ ಕಾನೂನು ಕೊಟ್ಟಿದ್ದು 12 ವಾರ, ಅದೂ ಸಂಬಳ ಇಲ್ಲದ ರಜೆ. ರಜೆ ಸಿಗದ ಕಡೆ ಪಂಪ್ ಚೆನ್ನಾಗಿ ಮಾರಾಟ ಆಯ್ತು. ಇದನ್ನ ಓದಿದಾಗ ನಾನು ಸ್ವಲ್ಪ ಹೊತ್ತು ಸುಮ್ನೆ ಕೂತೆ. ನನ್ನ ಚಾಪೆ ಮೇಲಿದ್ದ ಪಂಪೂ ಅದೇ ಕೆಲಸಕ್ಕೇ ಬಂದಿದ್ದು.

ನಮ್ಮ ದೇಶದ ದಾರಿ ಬೇರೆ. 1929ರಲ್ಲಿ ಮುಂಬಯಿ ಪ್ರಾಂತ್ಯದಲ್ಲಿ ಕಾರ್ಖಾನೆಯ ಹೆಂಗಸರಿಗಾಗಿ ಹೆರಿಗೆ ಸೌಲಭ್ಯ ಕಾಯ್ದೆ ಬಂತು. ಬೆಳಗಾವಿ, ಧಾರವಾಡ ಆಗ ಅದೇ ಪ್ರಾಂತ್ಯದಲ್ಲಿದ್ದವು. ಆ ಮಸೂದೆ ಪರವಾಗಿ ಅಂಬೇಡ್ಕರ್ ಅವರು 1928ರಲ್ಲಿ ಶಾಸನ ಸಭೆಯಲ್ಲಿ ಮಾತಾಡಿದ್ರು. 1951ರ ಪ್ಲಾಂಟೇಷನ್ ಕಾರ್ಮಿಕರ ಕಾಯ್ದೆ, 50ಕ್ಕಿಂತ ಹೆಚ್ಚು ಹೆಂಗಸರು ಕೆಲಸ ಮಾಡೋ ತೋಟಗಳಲ್ಲಿ ಮಕ್ಕಳನ್ನ ನೋಡ್ಕೊಳ್ಳೋ ಕೋಣೆ ಇರಬೇಕು ಅಂತು. ನಮ್ಮ ಜಿಲ್ಲೆಯ ಕಾಫಿ ಎಸ್ಟೇಟುಗಳೂ ಇದರೊಳಗೆ ಬಂದವು. 1961ರ ಕಾಯ್ದೆ ದೇಶಕ್ಕೆಲ್ಲ 12 ವಾರ ಸಂಬಳದ ರಜೆ ತಂತು. ಅದರ 11ನೇ ಸೆಕ್ಷನ್ ತುಂಬ ಜನಕ್ಕೆ ಗೊತ್ತಿಲ್ಲ: ಮಗುವಿಗೆ 15 ತಿಂಗಳು ಆಗೋವರೆಗೆ, ಮಾಮೂಲಿ ವಿರಾಮದ ಜೊತೆಗೆ ದಿನಕ್ಕೆ ಎರಡು ಸಲ ಹಾಲೂಡಿಸೋ ಬಿಡುವು. 2017ರ ತಿದ್ದುಪಡಿ ರಜೆಯನ್ನ 26 ವಾರ ಮಾಡ್ತು, 50 ಅಥವಾ ಅದಕ್ಕಿಂತ ಹೆಚ್ಚು ನೌಕರರಿರೋ ಕಡೆ ಶಿಶುಪಾಲನಾ ಕೇಂದ್ರ ಕಡ್ಡಾಯ ಮಾಡ್ತು.

ಈ ಎಲ್ಲ ಕಾಯ್ದೆಗಳ ಹಿಂದಿದ್ದ ಯೋಚನೆ ಒಂದೇ, ಮಗು ತಾಯಿ ಹತ್ರ ಇರಬೇಕು. ಒಳಲೆಯ ಯೋಚನೆಯೂ ಅದೇ ಅಲ್ವಾ?

ಇನ್ನೊಂದು ವಿಷಯ. ನಿಮ್ಮ ಫೋನಿನಲ್ಲಿ ಪಂಪ್ ಜಾಹೀರಾತು ಬರ್ತಾ ಇರುತ್ತೆ. 1992ರಲ್ಲಿ ಬಂದ ಕಾಯ್ದೆ ಹಾಲಿನ ಪುಡಿ, ಹಾಲಿನ ಬಾಟಲಿಗಳ ಪ್ರಚಾರವನ್ನ ನಿಷೇಧಿಸ್ತು. ಪಂಪ್ ಆ ಪಟ್ಟಿಯಲ್ಲಿಲ್ಲ. ಹಾಗಾಗಿ ಅದನ್ನ ಎಷ್ಟು ಬೇಕಾದ್ರೂ ಹೊಗಳಿ ಮಾರಬಹುದು. ನಾನೂ ಹಾಗೇ ಬಿದ್ದೆ. "ಅತಿ ಹೆಚ್ಚು ಸಕ್ಷನ್" ಅನ್ನೋ ಸಾಲು ನೋಡಿ ಆರ್ಡರ್ ಮಾಡಿದೆ. ಎರಡನೇ ದಿನಕ್ಕೇ ಗಾಯ, ಹಾಲು ಬಂದಿದ್ದು ಅರ್ಧ ಲೋಟ ಕೂಡ ಅಲ್ಲ. ನನ್ನಲ್ಲೇ ಹಾಲಿಲ್ಲ ಅನ್ಕೊಂಡು ಒಂದು ರಾತ್ರಿ ಅತ್ತೆ. ಆಮೇಲೆ ಆಸ್ಪತ್ರೆಯ ನರ್ಸ್ ಒಬ್ರು ನೋಡಿ ಹೇಳಿದ್ರು, ಎದೆಗೆ ಇಡೋ ಕೊಳವೆ ಬಾಯಿಯ ಅಳತೆಯೇ ನಿನಗೆ ದೊಡ್ಡದು ಅಂತ. ಎಗ್ನೆಲ್ 1956ರಲ್ಲೇ ಹೇಳಿದ್ದನ್ನ ನಾನು ಗಾಯ ಮಾಡ್ಕೊಂಡು ಕಲಿತೆ.

ಹಾಗಾಗಿ ಪಂಪ್ ತಗೊಳ್ಳೋ ಗೆಳತಿಯರಿಗೆ ನನ್ನ ಲೆಕ್ಕ ಇಷ್ಟು. ಮಗುವಿನಿಂದ ದಿನಕ್ಕೆ ಎಷ್ಟು ಗಂಟೆ ದೂರ ಇರ್ತೀರ ಅಂತ ಮೊದಲು ಬರೆದುಕೊಳ್ಳಿ. ಅಪರೂಪಕ್ಕೆ ಎರಡು ಗಂಟೆ ಅಂದ್ರೆ ಕೈಯಲ್ಲಿ ಹಿಂಡೋದು ಕಲಿತರೂ ಸಾಕು, ಇಲ್ಲಾ ಕೈಪಂಪ್ ಸಾಕು. ಕರೆಂಟ್ ಹೋದ್ರೂ ನಡೆಯುತ್ತೆ, ನಮ್ಮೂರಲ್ಲಿ ಅದು ಚಿಕ್ಕ ವಿಷಯ ಅಲ್ಲ. ದಿನಾ ಎಂಟು-ಹತ್ತು ಗಂಟೆ ಅಂದ್ರೆ ಎರಡೂ ಕಡೆ ಒಟ್ಟಿಗೆ ತೆಗೆಯೋ, ಚಾರ್ಜ್ ಆಗೋ ಪಂಪ್ ನೋಡಿ. ಕೊಳವೆ ಬಾಯಿ ನಿಮ್ಮ ಅಳತೆಗೆ ಸಿಗುತ್ತಾ, ರಬ್ಬರ್ ವಾಲ್ವ್ ಬಿಡಿಯಾಗಿ ಸಿಗುತ್ತಾ ಕೇಳಿ. ಹಾಲು ಪಂಪಿನ ಮೋಟಾರ್ ಕಡೆಗೆ ಹೋಗದ ಹಾಗೆ ತಡೆ ಇದೆಯಾ ನೋಡಿ. ಹಾಗಿಲ್ಲದ ಪಂಪನ್ನ ಬೇರೆಯವರಿಂದ ಹಳೇದು ಅಂತ ತಗೋಬೇಡಿ. ತೆಗೆದ ಹಾಲು 25 ಡಿಗ್ರಿಯೊಳಗಿನ ತಂಪಲ್ಲಿ 4 ಗಂಟೆ, ಫ್ರಿಜ್ಜಿನ ಒಳಭಾಗದಲ್ಲಿ 4 ದಿನ ಇರುತ್ತೆ. ಕಡೂರಿನ ಬೇಸಿಗೆಗೆ ಆ 4 ಗಂಟೆ ನಂಬಬೇಡಿ, ಐಸ್ ಇಟ್ಟ ಡಬ್ಬಿ ಬೇಕು. ಇನ್ನು, ಆಫೀಸಿನಲ್ಲಿ ಬಾಗಿಲು ಹಾಕ್ಕೊಳ್ಳೋ ಒಂದು ಕೋಣೆ ಇದೆಯಾ ಅಂತ ರಜೆ ಮುಗಿಯೋಕೆ ಮುಂಚೆಯೇ ಕೇಳಿ. ನಾನು ಕೇಳಿದಾಗ ಸ್ಟೋರ್ ರೂಮ್ ತೋರಿಸಿದ್ರು. ಚಿಲಕ ಇರಲಿಲ್ಲ. ಚಿಲಕ ಹಾಕಿಸಿ ಅಂತ ಮೇಲ್ ಹಾಕಿದೀನಿ.

ಮುಗಿಸೋಕೆ ಮುಂಚೆ ನಮ್ಮ ಬೀದಿಯ ಒಬ್ಬ ಅಕ್ಕನ ಮಾತು. ಹೆರಿಗೆ ಆಗಿ ಎರಡೇ ತಿಂಗಳಿಗೆ ಅಡಿಕೆ ತೋಟದ ಕೂಲಿಗೆ ಹೋಗ್ತಿದ್ದಾರೆ. ಅವರಿಗೆ 26 ವಾರದ ಲೆಕ್ಕ ಇಲ್ಲ, ಸಂಬಳದ ರಜೆಯೂ ಇಲ್ಲ. ನನ್ನ ಪಂಪ್ ನೋಡಿ, "ಚೆನ್ನಾಗಿದೆ ಕಣಮ್ಮ, ಆದ್ರೆ ಹಿಂಡಿದ ಹಾಲು ಎಲ್ಲಿಡ್ಲಿ? ಮಗೂನ ಮರದ ಕೆಳಗೆ ಯಾರಾದ್ರೂ ನೋಡ್ಕೊಂಡ್ರೆ ನಾನೇ ಬಂದು ಕುಡಿಸ್ತೀನಿ" ಅಂದ್ರು. 2005ರ ಉದ್ಯೋಗ ಖಾತ್ರಿ ಕಾಯ್ದೆಯಲ್ಲಿ ಇದೇ ಮಾತು ಬರೆದಿತ್ತು: ಕೆಲಸದ ಜಾಗದಲ್ಲಿ ಐದು ಅಥವಾ ಹೆಚ್ಚು ಪುಟ್ಟ ಮಕ್ಕಳಿದ್ರೆ ನೋಡ್ಕೊಳ್ಳೋಕೆ ಒಬ್ಬ ಹೆಂಗಸನ್ನ ನೇಮಿಸಬೇಕು ಅಂತ. 2023ರಲ್ಲಿ ರಾಜ್ಯ ಸರ್ಕಾರ 4,000 ಗ್ರಾಮ ಪಂಚಾಯ್ತಿಗಳಲ್ಲಿ ಕೂಸಿನ ಮನೆ ತೆರೀತೀವಿ ಅಂತ ಬಜೆಟ್ಟಿನಲ್ಲಿ ಹೇಳ್ತು. ನಿಮ್ಮ ಪಂಚಾಯ್ತಿಯಲ್ಲಿ ಅದು ಇದೆಯಾ, ಬಾಗಿಲು ತೆರೆದಿರುತ್ತಾ, ಒಂದ್ಸಲ ಹೋಗಿ ನೋಡಿ. ಆ ಅಕ್ಕನಿಗೆ ಬೇಕಾಗಿರೋದು ಅದು.

ಮಗಳು ಎದ್ದಳು. ಸದ್ಯಕ್ಕೆ ಪಂಪ್ ಬಾಕ್ಸಿನಲ್ಲೇ ಇರಲಿ, ನಾನು ಇಲ್ಲೇ ಇದೀನಲ್ಲ. ನಿಮ್ಮ ಮನೆಯ ಒಳಲೆ ಕಥೆ ಇದ್ರೆ ಕಳಿಸಿ, ಮುಂದಿನ ಸಂಚಿಕೆಯಲ್ಲಿ ಓದ್ತೀನಿ. ಸಿಗೋಣ.